ತರಗತಿಯಲ್ಲಿ ಹುಟ್ಟಿದ ‘ಸ್ಪೈಸ್’

ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಒಂದು ತಂತಿಯನ್ನೂ ಬೆಸೆಯದೆ, ಪರದೆಯ ಮೇಲೆಯೇ ಸರ್ಕಿಟ್ ರಚಿಸಿ ಅದರ ನಡೆಯನ್ನು ಪರೀಕ್ಷಿಸಬಲ್ಲ. ನಾವು ಸಹಜವೆಂದು ಭಾವಿಸುವ ಈ ಅನುಕೂಲದ ಹಿಂದೆ ಒಂದು ತರಗತಿಯ ಇತಿಹಾಸವಿದೆ.

ಹಿಂದೆ ಸರ್ಕಿಟ್ ವಿನ್ಯಾಸ ಕಲಿಯುವುದೆಂದರೆ ಬಿಡಿಭಾಗಗಳನ್ನು ಹಲಗೆಯ ಮೇಲೆ ಜೋಡಿಸಿ ಅಳೆದು ನೋಡುವುದಾಗಿತ್ತು. ಕಂಪ್ಯೂಟರಿನ ಜೀವಾಳವಾದ ಇಂಟಿಗ್ರೇಟೆಡ್ ಸರ್ಕಿಟ್ ಬಂದ ಮೇಲೆ ಈ ಕ್ರಮ ಸಾಲದಾಯಿತು. ಒಂದೇ ಸಿಲಿಕಾನ್ ಚೂರಿನಲ್ಲಿ ಒತ್ತಾಗಿ ಕುಳಿತ ಟ್ರಾನ್ಸಿಸ್ಟರುಗಳ ವರ್ತನೆಯನ್ನು ಬಿಡಿ ಟ್ರಾನ್ಸಿಸ್ಟರುಗಳೂ ಉದ್ದನೆಯ ತಂತಿಗಳೂ ಯಥಾವತ್ತಾಗಿ ತೋರಿಸಲಾರವು. ಚಿಪ್ ಸಿದ್ಧವಾದ ಮೇಲಂತೂ ಒಂದು ತಂತಿಯನ್ನು ಕಿತ್ತು ಇನ್ನೊಂದೆಡೆ ಸಿಕ್ಕಿಸುವಂತಿಲ್ಲ. ತಪ್ಪು ಇಷ್ಟು ದುಬಾರಿಯಾದರೆ ಕಲಿಯುವವನು ಕಲಿಯುವುದು ಹೇಗೆ?

ಉತ್ತರ ದೊರೆತದ್ದು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಸುಮಾರು 1970ರಲ್ಲಿ ರಾನ್ ರೋರರ್ ಎಂಬ ಅಧ್ಯಾಪಕರು ತಮ್ಮ ಇಡೀ ತರಗತಿಗೆ ಸರ್ಕಿಟ್ ಸಿಮ್ಯುಲೇಟರ್ ಬರೆಯುವ ಕೆಲಸವನ್ನೇ ವಹಿಸಿದರು. ಸಹೋದ್ಯೋಗಿ ಡೊನಾಲ್ಡ್ ಪೆಡರ್ಸನ್ ಅದನ್ನು ಒಪ್ಪಿದರೆ ಎಲ್ಲರೂ ಪಾಸು ಎಂಬುದು ಕರಾರು. ಹೀಗೆ ಹುಟ್ಟಿದ ತಂತ್ರಾಂಶಕ್ಕೆ ವಿದ್ಯಾರ್ಥಿಗಳು ‘ಕ್ಯಾನ್ಸರ್’ ಎಂಬ ಹ್ರಸ್ವನಾಮವಿಟ್ಟರು. ವಿಕಿರಣದ ಲೆಕ್ಕವನ್ನು ಬಿಟ್ಟದ್ದು ಎಂಬ ಅರ್ಥ ಅದರೊಳಗಿತ್ತು. ಇಂಥ ಹಲವು ತಂತ್ರಾಂಶಗಳು ಆಗ ರಕ್ಷಣಾ ಇಲಾಖೆಯ ಹಣದಿಂದ, ವಿಕಿರಣವನ್ನು ಸರ್ಕಿಟ್‌ಗಳು ತಾಳುತ್ತವೆಯೇ ಎಂದು ಅಳೆಯಲು ಸಿದ್ಧವಾಗುತ್ತಿದ್ದವು. ಹೆಸರಿನ ಕುಚೋದ್ಯ ಅತ್ತ ಬೊಟ್ಟುಮಾಡಿತ್ತು.

ತರಗತಿಯಲ್ಲಿದ್ದ ಲಾರೆನ್ಸ್ ನೇಗಲ್ ಮುಂದೆ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಕೆಲಸವನ್ನು ಮುಂದುವರಿಸಿದರು. ತಂತ್ರಾಂಶ ಯಾರೊಬ್ಬರ ಸ್ವತ್ತೂ ಆಗಕೂಡದು ಎಂಬುದು ಪೆಡರ್ಸನ್ ಅವರ ಹಟ. ‘ಸ್ಪೈಸ್’ ಎಂಬ ಹೊಸ ಹೆಸರಿನಲ್ಲಿ ಅದು 1973ರಲ್ಲಿ ವಿದ್ವತ್ಸಭೆಯೊಂದರ ಮುಂದೆ ಬಂದಿತು. 1975ರಲ್ಲಿ ಎರಡನೆಯ ಆವೃತ್ತಿ ಹೊರಬಂತು. ಓದು ಮುಗಿಸಿ ಉದ್ಯೋಗಕ್ಕೆ ಹೋದ ವಿದ್ಯಾರ್ಥಿಗಳೊಂದಿಗೆ ಅದೂ ಕಂಪನಿಗಳನ್ನು ಹೊಕ್ಕಿತು. ಪಾಠಕ್ಕೆಂದು ಬರೆದದ್ದು ಉದ್ಯಮದ ಅಳತೆಗೋಲಾಯಿತು.

ಆದರೆ ಸಿಮ್ಯುಲೇಟರ್ ಬಲ್ಲದ್ದು ನಾವು ಅದಕ್ಕೆ ಉಣಿಸಿದ ಸಮೀಕರಣಗಳನ್ನು ಮಾತ್ರ. ಟ್ರಾನ್ಸಿಸ್ಟರಿನ ಮಾದರಿ ತಪ್ಪಾಗಿದ್ದರೆ ತಪ್ಪು ಉತ್ತರವನ್ನೂ ಅದು ಅಷ್ಟೇ ನಿಖರ ಅಂಕಿಗಳಲ್ಲಿ ಕೊಡುತ್ತದೆ. ಮೊದಲು ಕಾಗದದ ಮೇಲೆ ಸ್ಥೂಲ ಲೆಕ್ಕ ಹಾಕಿದವನಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಬರ್ಕ್ಲಿಯ ಆ ವಿದ್ಯಾರ್ಥಿಗಳು ಸಿಮ್ಯುಲೇಟರನ್ನು ಬಳಸಿ ಕಲಿತವರಲ್ಲ, ಬರೆದು ಕಲಿತವರು. ಸಿದ್ಧ ಉಪಕರಣವನ್ನು ಮಕ್ಕಳ ಕೈಗಿಡುವ ನಾವು ಈ ವ್ಯತ್ಯಾಸವನ್ನು ಮರೆಯಬಾರದು.