ಕಲ್ಲಚ್ಚಿನಲ್ಲಿ ಮೂಡಿದ ಸಮಾಚಾರ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಯಡಿಯೂರು ಸುಪರಿಚಿತವಾದ ಊರು. ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನಕ್ಕೆ ಬರುವ ಭಕ್ತರು ಇಲ್ಲಿಯೇ ಇಳಿಯುತ್ತಾರೆ. ಇದೇ ಹಾದಿಯ ಪಡುವಣ ತುದಿಯಲ್ಲಿ, 1843ನೆಯ ಇಸವಿ ಜುಲೈ 1ರಂದು, ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹೊರಬಂದಿತು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಸ್ಮರಿಸಲು ಕಾರಣವಿದೆ. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಲ್ಲಿ ನಮ್ಮ ಹಿರಿಯರ ಹೆಸರುಗಳು ದೊರೆಯುತ್ತವೆ. ಆದರೆ ಆ ವರ್ಷ ಕೆರೆ ತುಂಬಿತೇ, ರಾಗಿ ಯಾವ ಧಾರಣೆಗೆ ಮಾರಿತು, ಸಂತೆಯಲ್ಲಿ ಜನ ಏನು ಮಾತನಾಡಿಕೊಂಡರು ಎಂಬುದನ್ನು ಆ ಪುಸ್ತಕಗಳು ಹೇಳಲಾರವು. ಅದಕ್ಕೆ ಪತ್ರಕರ್ತನೇ ಬೇಕು.

ಪತ್ರಿಕೆಯ ಸಂಪಾದಕರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಮಂಗಳೂರಿಗೆ ಬಂದವರು. ಅವರು ಪ್ರಾಟೆಸ್ಟೆಂಟ್ ಪಂಥದವರು; ಆ ಕಾಲದಲ್ಲಿ ಅವರಿಗೂ ನಮ್ಮವರಿಗೂ ಅಷ್ಟೇನೂ ಹೊಂದಿಕೆಯಿರಲಿಲ್ಲ. ಆದರೂ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು ನ್ಯಾಯವಲ್ಲ. ಜನರು ಸಮಾಚಾರಕ್ಕಾಗಿ ಹಂಬಲಿಸುತ್ತಾರೆ, ಆದರೆ ಇಂದು ಕೇಳಿದ್ದು ನಾಳೆ ಸುಳ್ಳಾಗುತ್ತದೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಆಗ ಮಂಗಳೂರಿನಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ, ಇದ್ದುದು ಕಲ್ಲಚ್ಚು. ಜಿಡ್ಡಿನ ಮಸಿಯಿಂದ ಬರೆದ ಅಕ್ಷರಗಳನ್ನು ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಒದ್ದೆಯಾದ ಭಾಗವು ಮಸಿಯನ್ನು ಹಿಡಿಯದು, ಜಿಡ್ಡಿನ ಅಕ್ಷರ ಮಾತ್ರ ಹಿಡಿಯುವುದು. ಎಣ್ಣೆಗೂ ನೀರಿಗೂ ಆಗದು ಎಂದು ನಮ್ಮ ಅಡಿಗೆಮನೆಗಳು ಬಲ್ಲ ಸಂಗತಿಯೇ ಇಲ್ಲಿ ಮುದ್ರಣ ಕಲೆಯಾಗಿದೆ! ಬವೇರಿಯದ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಈ ವಿಧಾನವು ಒತ್ತಕ್ಷರಗಳ ನಮ್ಮ ಲಿಪಿಗೆ ಚೆನ್ನಾಗಿ ಒಗ್ಗಿತು. ಬರೆದದ್ದು ಬರೆದಂತೆಯೇ ಅಚ್ಚಾಗುತ್ತಿತ್ತು. ಪಾಕ್ಷಿಕದ ನಾಲ್ಕು ಪುಟಗಳಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿಗಳಿದ್ದವು. ವರ್ಷ ತುಂಬುವುದರೊಳಗೆ, 1844ರಲ್ಲಿ, ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆ ಸ್ಥಳಾಂತರಗೊಂಡು ‘ಕಂನಡ ಸಮಾಚಾರ’ವಾಯಿತು. ಮುದ್ರಣ ಸುಧಾರಿಸಿತು, ನಿಜ. ಆದರೆ ಹೆಸರಿನಿಂದ ಮಂಗಳೂರು ಮರೆಯಾಯಿತು.

ನಮ್ಮ ಧರ್ಮಸಭೆಯೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. 1882ರಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಕೊಡಿಯಾಲ್‌ಬೈಲ್ ಮುದ್ರಣಾಲಯವನ್ನು ತೆರೆದರು. 1938ರಲ್ಲಿ ಕೊಂಕಣಿಯ ‘ರಾಕ್ಣೊ’ ಆರಂಭವಾಯಿತು. ಕರಪತ್ರಗಳನ್ನು ಬರೆದು ಮನೆಬಾಗಿಲುಗಳ ಸಂದಿಯಲ್ಲಿ ತಳ್ಳುತ್ತಿದ್ದ ಸಂತ ಫ್ರಾನ್ಸಿಸ್ ದೆ ಸಾಲ್‌ರನ್ನು 1923ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಪತ್ರಕರ್ತರ ಪಾಲಕ ಸಂತರೆಂದು ಘೋಷಿಸಿದರು. ಈ ವೃತ್ತಿಗೆ ಪ್ರಾಣವನ್ನೇ ತೆತ್ತವರೂ ಇದ್ದಾರೆ. ನಾಜಿಗಳ ಪ್ರಕಟಣೆಗಳನ್ನು ಅಚ್ಚುಮಾಡಬಾರದೆಂಬ ಬಿಷಪರ ಸಂದೇಶವನ್ನು ಹಾಲೆಂಡಿನ ಕಥೋಲಿಕ ಸಂಪಾದಕರಿಗೆ ಸ್ವತಃ ತಲಪಿಸುತ್ತಾ ತಿರುಗಿದ ಕಾರ್ಮೆಲ್ ಸಭೆಯ ಟೈಟಸ್ ಬ್ರಾಂಡ್ಸ್ಮಾ 1942ರ ಜುಲೈ 26ರಂದು ಡಾಖಾವ್ ಸೆರೆಶಿಬಿರದಲ್ಲಿ ಹತರಾದರು. 2022ರಲ್ಲಿ ಅವರಿಗೆ ಸಂತಪದವಿ ದೊರೆಯಿತು.

ಇಂದು ಮೊಳೆ ಜೋಡಿಸುವವರಿಲ್ಲ, ಗಣಕಯಂತ್ರವೇ ಆ ಕೆಲಸವನ್ನು ಮಾಡುತ್ತದೆ. ಆದರೆ ಹಳೆಯ ಕಾಗದವನ್ನು ಜೋಪಾನಮಾಡುವ ಕೆಲಸವು ಮನುಷ್ಯರದೇ. ಟ್ರಂಕಿನ ತಳಕ್ಕೆ ಹಾಸಿದ, ಗೋಡೆಯ ಗೂಡಿಗೆ ಅಂಟಿಸಿದ ಹಳೆಯ ಪತ್ರಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ, ಒಲೆಗೆ ಹಾಕುವ ಮುನ್ನ ಒಮ್ಮೆ ಗುರುಮನೆಗೆ ತಂದು ತೋರಿಸಬೇಕೆಂದು ವಿನಂತಿ.