ಮೂವತ್ತನಾಲ್ಕು ವರ್ಷಗಳ ತಾಳ್ಮೆ

ನಿಮ್ಮ ಮನೆಯಲ್ಲಿ ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಿದ್ದರೆ ಡೊರೊಥಿ ಹಾಡ್ಜ್‌ಕಿನ್‌ರಿಗೂ ನಿಮಗೂ ನಂಟಿದೆ. ಪ್ರೋಟೀನಿನ ಹರಳಿಗೆ ಎಕ್ಸ್-ಕಿರಣ ಹಾಯಿಸಿ, ಮೂಡುವ ಚುಕ್ಕೆಗಳಿಂದ ಪರಮಾಣುಗಳ ಜೋಡಣೆಯನ್ನು ಲೆಕ್ಕಹಾಕುವುದು ಅವರ ವಿದ್ಯೆ. ಆಕ್ಸ್‌ಫರ್ಡ್‌ನಲ್ಲಿ 1935ರಲ್ಲಿ ಇನ್ಸುಲಿನ್ ಹರಳಿನ ಚಿತ್ರ ತೆಗೆದರು. ರಚನೆ ಬಿಡಿಸಿದ್ದು 1969ರಲ್ಲಿ. ನಡುವೆ ಪೆನಿಸಿಲಿನ್ ಮತ್ತು ಬಿ12 ಜೀವಸತ್ವದ ರಚನೆಗಳನ್ನು ಕಂಡುಹಿಡಿದು 1964ರಲ್ಲಿ ನೊಬೆಲ್ ಪಡೆದರು. ಸಂಧಿವಾತವು ಬೆರಳುಗಳನ್ನು ಸೊಟ್ಟಗಾಗಿಸಿದರೂ ಕೆಲಸ ನಿಲ್ಲಲಿಲ್ಲ. ತಂಡದಲ್ಲಿದ್ದ ಎಂ. ವಿಜಯನ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

ಸತುವಿನೊಡನೆ ಆರು ಇನ್ಸುಲಿನ್ ಅಣುಗಳು ಗುಂಪುಗೂಡುವ ಬಗೆಯನ್ನು ಆ ರಚನೆ ತೋರಿತು. ಆ ಗುಂಪು ಬೇಗ ಬಿಡಿಯಾಗುವಂತೆ ಮಾರ್ಪಡಿಸಿದ ಇನ್ಸುಲಿನ್‌ ಇದೆ. ಅದನ್ನು ಊಟದ ಹೊತ್ತಿಗೇ ಚುಚ್ಚಿಕೊಳ್ಳಬಹುದು. ಆ ಅನುಕೂಲದ ಹಿಂದೆ ಮೂವತ್ತನಾಲ್ಕು ವರ್ಷಗಳ ದುಡಿಮೆಯಿದೆ.