ಕೊಳಕುಮಂಡಲದ ಕಡಿತ ಮತ್ತು ಮೂತ್ರಪಿಂಡದ ಹಾನಿ: ಸಂಶೋಧನೆಯ ಇತಿಹಾಸ

ಕೊಳಕುಮಂಡಲ ಹಾವು ಕಚ್ಚಿದಾಗ ಮೂತ್ರಪಿಂಡಕ್ಕೆ ಆಗುವ ಹಠಾತ್ ಹಾನಿಯ ಕಾರಣಗಳನ್ನು ಹುಡುಕುವ ಅಧ್ಯಯನ. ಹಾವಿನ ಶಾಸ್ತ್ರೀಯ ನಾಮ ಡಬೋಯಾ ರಸೆಲಿ. ಇಲಿಗಳ ಜಾಡು ಹಿಡಿದು ಹೊಲಗದ್ದೆಗೆ ಬರುವ ಹಾವಾದ್ದರಿಂದ ಹೊನ್ನಾಳಿ, ಚನ್ನಗಿರಿಗಳಂಥ ಭತ್ತದ ಸೀಮೆಯ ರೈತರಿಗೂ ಕೂಲಿಕಾರರಿಗೂ ಇದು ಸಂಬಂಧಿಸಿದ ವಿಷಯ. ಮೂತ್ರ ಕಡಿಮೆಯಾಗುವುದು ಅಥವಾ ನಿಂತೇಹೋಗುವುದು ಹಾನಿಯ ಮುಖ್ಯ ಲಕ್ಷಣ.

ರಕ್ತದ ದಾರಿ: ಪ್ಯಾಟ್ರಿಕ್ ರಸೆಲ್ 1796ರಲ್ಲಿ ಪ್ರಕಟಿಸಿದ ಕೋರಮಂಡಲ ತೀರದ ಹಾವುಗಳ ಗ್ರಂಥದಲ್ಲಿ ಈ ಹಾವನ್ನು ವರ್ಣಿಸಿದ, ಅದಕ್ಕೆ ಅವನ ಹೆಸರೇ ಉಳಿಯಿತು. ಇದರ ವಿಷ ರಕ್ತವನ್ನು ಬೇಗ ಹೆಪ್ಪುಗಟ್ಟಿಸುವುದನ್ನು ಕಂಡ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ 1934ರಲ್ಲಿ ಅದನ್ನೇ ರಕ್ತಸ್ರಾವ ತಡೆಯಲು ಬಳಸಬಹುದೆಂದು ತೋರಿಸಿದರು. ವಿಷದ ಕಿಣ್ವಗಳು ರಕ್ತದ 5 ಮತ್ತು 10ನೆಯ ಹೆಪ್ಪುಕಾರಕ ಅಂಶಗಳನ್ನು ಕೆರಳಿಸುತ್ತವೆ ಎಂಬುದು ಮುಂದೆ ತಿಳಿಯಿತು. ಕಡಿತದಲ್ಲಿ ಈ ಅಂಶಗಳು ಬರಿದಾಗಿ ರಕ್ತಸ್ರಾವವಾಗುತ್ತದೆ, ಸಣ್ಣ ನಾಳಗಳಲ್ಲಿ ಹೆಪ್ಪು ಕೂಡಬಹುದು, ರಕ್ತದೊತ್ತಡವೂ ಕುಸಿಯಬಹುದು. ಮೂತ್ರಪಿಂಡ ಕೆಡುವುದಕ್ಕೆ ಇಷ್ಟೇ ಸಾಕೆಂಬುದು ಒಂದು ವಿವರಣೆ.

ನೇರ ಪೆಟ್ಟು: ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಕೆ.ಎಸ್. ಚುಗ್ ಅವರು ಭಾರತದ ರೋಗಿಗಳ ಅನುಭವವನ್ನು 1989ರಲ್ಲಿ ಕ್ರೋಡೀಕರಿಸಿದರು. ಹೆಚ್ಚಿನವರಲ್ಲಿ ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳು ಸತ್ತಿದ್ದವು. ಕೆಲವರಲ್ಲಿ ಹೊರಪದರವೇ ಸತ್ತಿತ್ತು. ಮೊದಲನೆಯದು ಬಹುಮಟ್ಟಿಗೆ ಗುಣವಾಗುತ್ತದೆ, ಎರಡನೆಯದು ಶಾಶ್ವತ ಹಾನಿ ಉಳಿಸಬಲ್ಲದು. ಅದೇ ವರ್ಷ ರ‍್ಯಾಟ್‌ಕ್ಲಿಫ್ ಮತ್ತು ಸಂಗಡಿಗರು ದೇಹದಿಂದ ಬೇರ್ಪಡಿಸಿದ ಇಲಿಯ ಮೂತ್ರಪಿಂಡಕ್ಕೆ ವಿಷ ಹರಿಸಿ, ಅದು ನೇರವಾಗಿಯೂ ಹಾನಿ ಮಾಡುತ್ತದೆಂದು ತೋರಿಸಿದರು. ಹೀಗೆ ಎರಡು ದಾರಿಗಳೂ ನಿಜವೆಂದಾಯಿತು.

ಕರ್ನಾಟಕದ ಕೊಡುಗೆ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಟಿ. ವೀರಬಸಪ್ಪ ಗೌಡ ಅವರ ತಂಡ, ಪ್ರದೇಶ ಬದಲಾದಂತೆ ಈ ವಿಷದ ಘಟಕಗಳೂ ಮಾರಕಶಕ್ತಿಯೂ ಬದಲಾಗುವುದನ್ನು 1988ರಲ್ಲಿ ವರದಿ ಮಾಡಿತು. ಮರುವರ್ಷ ವಿಷದ ಪ್ರಧಾನ ಫಾಸ್ಫೋಲೈಪೇಸ್ ಎ2 ಕಿಣ್ವವನ್ನು ಬೇರ್ಪಡಿಸಿತು. ಈ ಬಗೆಯ ಕಿಣ್ವಗಳು ಕೋಶಪೊರೆಯ ಕೊಬ್ಬನ್ನು ಒಡೆದು ಅರಾಕಿಡೋನಿಕ್ ಆಮ್ಲವನ್ನು ಬಿಡಿಸುತ್ತವೆ. ಉರಿಯೂತ ಎಬ್ಬಿಸುವ ಪ್ರೋಸ್ಟಗ್ಲಾಂಡಿನ್‌ಗಳು ಅದರಿಂದಲೇ ತಯಾರಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡದ 2021ರ ಅಧ್ಯಯನವು, ಈ ಪ್ರಾದೇಶಿಕ ವ್ಯತ್ಯಾಸದಿಂದ ಬಳಕೆಯಲ್ಲಿರುವ ಪ್ರತಿವಿಷ ಎಲ್ಲೆಡೆ ಸಮನಾಗಿ ಕೆಲಸ ಮಾಡದೆಂದು ತೋರಿಸಿತು.

ಚಿಕಿತ್ಸೆ: ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಆಗಲೇ ಸತ್ತ ಕೋಶಗಳನ್ನು ಉಳಿಸಲಾರದು. ಆದ್ದರಿಂದ ಬೇಗ ಆಸ್ಪತ್ರೆ ಸೇರುವುದು ಮುಖ್ಯ. ಮೂತ್ರಪಿಂಡ ಸೋತರೆ ಡಯಾಲಿಸಿಸ್ ಬೇಕಾಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿದ್ದರಿಂದ, ಆಸ್ಪತ್ರೆಗಳು ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು.